ಗಂಡಸನ್ನೂ ಹೆಸರಿಸಿದ ವಚನ

ಇಂದಿನ ಪಾಠಗಳು: ಧರ್ಮೋಪದೇಶಕಾಂಡ 7:12–15, ರೋಮಾಪುರದವರಿಗೆ 4:18–21, ಲೂಕ 1:5–25



ಯೊರ್ದನ್ ಹೊಳೆಯನ್ನು ಇನ್ನೂ ದಾಟದ ಜನರ ಮುಂದೆ, ಮೋವಾಬಿನ ಬಯಲಿನಲ್ಲಿ ನಿಂತು ಮೋಶೆ ಆಡಿದ ಮಾತುಗಳನ್ನು ಈಗಷ್ಟೇ ಕೇಳಿದಿರಿ. ದೇವರು ಕೊಡಲಿರುವ ಆಶೀರ್ವಾದಗಳನ್ನು ಅವನು ಒಂದೊಂದಾಗಿ ಹೇಳುತ್ತಾನೆ: ಧಾನ್ಯ, ದ್ರಾಕ್ಷಾರಸ, ಎಣ್ಣೆ, ದನಗಳ ಕರು, ಕುರಿಗಳ ಮರಿ. ಇವುಗಳ ನಡುವೆ 14ನೇ ವಚನ ಬರುತ್ತದೆ. ನಿಮ್ಮಲ್ಲಿ ಸಂತಾನವಿಲ್ಲದ ಗಂಡಸು ಇರುವುದಿಲ್ಲ, ಸಂತಾನವಿಲ್ಲದ ಹೆಂಗಸೂ ಇರುವುದಿಲ್ಲ ಎಂಬುದು ಅದರ ತಾತ್ಪರ್ಯ. ಮಕ್ಕಳಾಗದಿರುವುದು ಗಂಡಸಿಗೂ ಬರಬಹುದಾದ ಕೊರತೆ ಎಂದು ಧರ್ಮಶಾಸ್ತ್ರ ಬಾಯಿಬಿಟ್ಟು ಹೇಳಿದೆ. ಹೇಳುವಾಗ ಅವನನ್ನೇ ಮೊದಲು ಹೆಸರಿಸಿದೆ.

ಸಾರಳ ಮೇಲೆ ನಾವು ಪ್ರಸಂಗ ಕೇಳಿದ್ದೇವೆ, ಹನ್ನಳ ಮೇಲೆ ಕೇಳಿದ್ದೇವೆ, ಎಲಿಸಬೇತಳ ಮೇಲೆ ಕ್ರಿಸ್ಮಸ್ಸಿನ ಮುಂಚಿನ ಭಾನುವಾರಗಳಲ್ಲಿ ಕೇಳುತ್ತಲೇ ಇದ್ದೇವೆ. ಈ ಒಂದು ವಚನವನ್ನು ಮಾತ್ರ ಪ್ರಸಂಗಪೀಠ ದಾಟಿಕೊಂಡು ಹೋಗಿದೆ. ಇಂದು ಇಲ್ಲೇ ನಿಲ್ಲಬೇಕೆಂದಿದ್ದೇನೆ. ದೇವಾಲಯದೊಳಗೆ ಸಾಮಾನ್ಯವಾಗಿ ಆಡದ ಕೆಲವು ಮಾತುಗಳು ಬರುತ್ತವೆ. ಆಡದೆ ಮುಚ್ಚಿಟ್ಟದ್ದರಿಂದ ನಮ್ಮ ನಡುವಿನ ಎಷ್ಟೋ ಹೆಣ್ಣುಮಕ್ಕಳು ನವೆದಿದ್ದಾರೆ. ಹಿರಿಯರು ದಯವಿಟ್ಟು ತಾಳ್ಮೆಯಿಂದ ಕೇಳಬೇಕು.

ಮೊದಲು ಒಂದು ಮುಳ್ಳನ್ನು ತೆಗೆಯಬೇಕಾಗಿದೆ. ಈ ಆಶೀರ್ವಾದ ಆಜ್ಞೆಗಳನ್ನು ಕೈಕೊಂಡು ನಡೆಯುವವರಿಗೆ ಎಂದು 12ನೇ ವಚನದಲ್ಲಿದೆ. ಹಾಗಾದರೆ ಮಕ್ಕಳಿಲ್ಲದವರು ಆಜ್ಞೆ ಮೀರಿದವರೋ ಎಂಬ ಪ್ರಶ್ನೆ ಈ ಬೆಂಚುಗಳಲ್ಲಿ ಕುಳಿತ ಕೆಲವರ ಎದೆಯಲ್ಲಿ ಈಗಾಗಲೇ ಎದ್ದಿರುತ್ತದೆ. ಮೋಶೆ ಒಂದು ಇಡೀ ಜನಾಂಗದ ನಾಳೆಯನ್ನು ಕುರಿತು ಮಾತಾಡುತ್ತಿದ್ದ. ಒಂದು ಮನೆಯ ತೊಟ್ಟಿಲು ನೋಡಿ ಆ ಮನೆಯವರ ಭಕ್ತಿಯನ್ನು ಅಳೆಯಲು ಅವನು ಯಾರಿಗೂ ಕೋಲು ಕೊಡಲಿಲ್ಲ. ಲೂಕನು ಜಕರೀಯ ಮತ್ತು ಎಲಿಸಬೇತಳನ್ನು ನಮಗೆ ಪರಿಚಯಿಸುವಾಗ, ಇಬ್ಬರೂ ದೇವರ ಮುಂದೆ ನೀತಿವಂತರು, ನಡತೆಯಲ್ಲಿ ದೋಷವಿಲ್ಲದವರು ಎಂದು ಮೊದಲೇ ಹೇಳಿಬಿಡುತ್ತಾನೆ. ಮಕ್ಕಳಿರಲಿಲ್ಲ ಎಂಬ ಸಂಗತಿ ಬರುವುದು ಅದಾದ ಮೇಲೆ. ಹುಟ್ಟುಕುರುಡನನ್ನು ಕಂಡು, ಪಾಪ ಮಾಡಿದವರು ಯಾರು, ಇವನೋ ಇವನ ಹೆತ್ತವರೋ ಎಂದು ಶಿಷ್ಯರು ಕೇಳಿದಾಗ ಯೇಸುಸ್ವಾಮಿ ಆ ಪ್ರಶ್ನೆಯನ್ನೇ ತಳ್ಳಿಹಾಕಿದರು. ಯೇಸು ತಳ್ಳಿಹಾಕಿದ್ದನ್ನು ಕೈಹಿಡಿದು ಒಳಗೆ ಕರೆತರುವ ಹಕ್ಕು ನಮ್ಮ ಸಭೆಯಲ್ಲಿ ಯಾರಿಗೂ ಇಲ್ಲ.

ಈಗ ನಮ್ಮ ಮನೆಗಳಿಗೆ ಬರೋಣ.

ಮದುವೆಯಾಗಿ ನಾಲ್ಕೈದು ವರ್ಷ ಕಳೆದ ಸೊಸೆಯೊಬ್ಬಳು ಪ್ರಾರ್ಥನೆ ಮಾಡಿಸಿಕೊಳ್ಳಲು ಪಾಲಕರ ಮನೆಗೆ ಬರುತ್ತಾಳೆ. ಕೈಯಲ್ಲೊಂದು ದಪ್ಪ ಫೈಲು. ರಕ್ತಪರೀಕ್ಷೆ, ಸ್ಕ್ಯಾನಿಂಗು, ಗರ್ಭನಾಳಕ್ಕೆ ಬಣ್ಣದ ಔಷಧಿ ಬಿಟ್ಟು ತೆಗೆದ ಎಕ್ಸ್‌ರೇ, ಹೊಟ್ಟೆಗೆ ತೂತು ಮಾಡಿ ಒಳಗೆ ನೋಡಿದ ಲ್ಯಾಪರೋಸ್ಕೋಪಿ. ಪುಟ ತಿರುವುತ್ತಾ ಹೋದರೆ ಎಲ್ಲವೂ ಅವಳ ಹೆಸರಿನಲ್ಲೇ. ಗಂಡನ ಹೆಸರಿನ ಒಂದು ಚೀಟಿಯೂ ಇಲ್ಲ. ಕೇಳಿದರೆ ತಲೆತಗ್ಗಿಸುತ್ತಾಳೆ. ಅವರು ಚೆನ್ನಾಗಿಯೇ ಇದ್ದಾರೆ, ಅವರಿಗೆ ಯಾಕೆ ಟೆಸ್ಟು ಅಂತ ಅತ್ತೆ ಹೇಳಿದರು ಎನ್ನುತ್ತಾಳೆ. ಇಂಥ ಫೈಲನ್ನು ನಾನು ಒಂದೇ ಮನೆಯಲ್ಲಿ ಕಂಡದ್ದಲ್ಲ. ಊರ ಅರಳಿಕಟ್ಟೆಯ ನಾಗರಕಲ್ಲುಗಳನ್ನು ಸುತ್ತುವವರು ಹೆಂಗಸರು. ನಮ್ಮಲ್ಲಿ ಶುಕ್ರವಾರದ ಉಪವಾಸ ಪ್ರಾರ್ಥನೆಗೆ ಬಂದು ಮೊಣಕಾಲೂರುವವರೂ ಹೆಂಗಸರೇ. ನಂಬಿಕೆ ಬೇರೆಯಾದರೂ ಹೊರೆ ಹೊತ್ತ ಹೆಗಲು ಎರಡು ಕಡೆಯೂ ಒಂದೇ.

ಸತ್ಯವೇದದ ಗಂಡಂದಿರು ಈ ಹೊತ್ತಿನಲ್ಲಿ ಹೇಗೆ ನಡೆದುಕೊಂಡರು ನೋಡಿ. ಮಕ್ಕಳನ್ನು ಕೊಡು, ಇಲ್ಲದಿದ್ದರೆ ಸಾಯುತ್ತೇನೆ ಎಂದು ರಾಹೇಲಳು ಅತ್ತಾಗ ಯಾಕೋಬ ಸಿಟ್ಟಾದ. ನಾನೇನು ದೇವರೋ ಎಂದು ಕೇಳಿದ. ಲೇಯಳಲ್ಲಿ ಅವನಿಗೆ ಆಗಲೇ ಮಕ್ಕಳಿದ್ದರು, ಆ ಧೈರ್ಯ ಅವನ ಮಾತಿನಲ್ಲಿತ್ತು. ಎಲ್ಕಾನ ಅವನಿಗಿಂತ ಒಳ್ಳೆಯವನು. ಹನ್ನಳಿಗೆ ಊಟದಲ್ಲಿ ವಿಶೇಷ ಪಾಲು ಕೊಟ್ಟ, ಹತ್ತು ಗಂಡುಮಕ್ಕಳಿಗಿಂತ ನಾನು ನಿನಗೆ ಹೆಚ್ಚಲ್ಲವೇ ಎಂದು ಸಮಾಧಾನ ಹೇಳಿದ. ಆದರೆ ಪೆನಿನ್ನಳ ಕುಟುಕುಮಾತನ್ನು ಅವನು ತಡೆದನೆಂದು ಎಲ್ಲೂ ಬರೆದಿಲ್ಲ, ಶೀಲೋವಿನ ಆಲಯದಲ್ಲಿ ಹನ್ನಳು ತುಟಿಯಲ್ಲೇ ಪ್ರಾರ್ಥಿಸುತ್ತಿದ್ದಾಗ ಅವಳ ಪಕ್ಕದಲ್ಲಿ ಅವನು ಕಾಣುವುದೂ ಇಲ್ಲ. ಅಲ್ಲಿದ್ದ ಯಾಜಕ ಏಲಿ ಅವಳನ್ನು ಕುಡಿದವಳೆಂದು ತಿಳಿದ. ದೇವರ ಮನೆಯ ಸೇವಕನಿಗೇ ಒಬ್ಬ ಹೆಂಗಸಿನ ಸಂಕಟ ಅರ್ಥವಾಗಲಿಲ್ಲ ಎಂಬುದನ್ನು ಪಾಲಕರಾದ ನಾವು ಮರೆಯಬಾರದು.

ನನಗೆ ಇವರೆಲ್ಲರಿಗಿಂತ ಇಸಾಕನ ಕಥೆ ಹಿಡಿಸುತ್ತದೆ. ರೆಬೆಕ್ಕಳನ್ನು ಮದುವೆಯಾದಾಗ ಅವನಿಗೆ 40 ವರ್ಷ. ಏಸಾವ, ಯಾಕೋಬರು ಹುಟ್ಟಿದಾಗ 60. ನಡುವಿನ 20 ವರ್ಷ ಅವನು ಇನ್ನೊಂದು ಹೆಣ್ಣನ್ನು ಮನೆಗೆ ತರಲಿಲ್ಲ. ತಂದೆ ಅಬ್ರಹಾಮನ ಮನೆಯಲ್ಲಿ ಹಾಗರಳ ದಾರಿಯಿತ್ತು, ಮುಂದೆ ಮಗ ಯಾಕೋಬನ ಮನೆಯಲ್ಲೂ ದಾಸಿಯರ ದಾರಿ ಬಂತು; ಇವನು ಮಾತ್ರ ಆ ದಾರಿ ಹಿಡಿಯದೆ ಹೆಂಡತಿಗಾಗಿ ಪ್ರಾರ್ಥಿಸಿದ. ಯೆಹೂದಿ ಗುರುಗಳ ತಲ್ಮೂದಿನಲ್ಲಿ ಈ ಭಾಗದ ಮೇಲೊಂದು ವ್ಯಾಖ್ಯಾನವಿದೆ. ಇಸಾಕನೂ ಸಂತಾನಶಕ್ತಿ ಇಲ್ಲದವನಾಗಿದ್ದ, ಗಂಡಹೆಂಡಿರು ಎದುರುಬದುರಾಗಿ ನಿಂತು ಇಬ್ಬರ ಕೊರತೆಗೂ ಇಬ್ಬರೂ ಬೇಡಿದರು ಎಂದು ಆ ಗುರುಗಳು ಓದಿಕೊಂಡರು. ನಮ್ಮ ಪಿತೃಗಳಲ್ಲಿ ಒಬ್ಬನಿಗೆ ಆ ಕೊರತೆ ಇತ್ತೆಂದು ಹೇಳಲು ಅವರು ನಾಚಲಿಲ್ಲ. ನಾವು ನಾಚುತ್ತೇವೆ.

ಈ ನಾಚಿಕೆಯ ಬೇರು ಬಹಳ ಆಳದ್ದು. ಗಂಡು ಬೀಜ, ಹೆಣ್ಣು ಹೊಲ ಎಂದು ನಮ್ಮ ನಾಡಿನ ಶಾಸ್ತ್ರಗಳೂ ಹೇಳಿದವು, ಗ್ರೀಕರ ಅರಿಸ್ಟಾಟಲನೂ ಹೆಚ್ಚುಕಡಿಮೆ ಅದನ್ನೇ ಹೇಳಿದ. ಬೀಜದವನು ಬಿತ್ತಿದ, ಬೆಳೆಯದಿದ್ದರೆ ಹೊಲದ ದೋಷ ಎಂಬ ತೀರ್ಮಾನ ಅದರಿಂದಲೇ ಹುಟ್ಟಿತು. ಹೊಲದಲ್ಲಿ ಕೈಯಾಡಿಸಿದ ಯಾವ ರೈತನೂ ಇದನ್ನು ಒಪ್ಪಲಾರ. ಜೊಳ್ಳು ಬೀಜ ಎಂದರೇನೆಂದು ಅವನಿಗೆ ಗೊತ್ತು, ಬಿತ್ತುವ ಮುಂಚೆ ಮೊಳಕೆ ಕಟ್ಟಿ ನೋಡುತ್ತಾನೆ. ಆದರೆ ಹೊಲದಲ್ಲಿ ಇದ್ದ ಬುದ್ಧಿಯನ್ನು ಜನ ಮನೆಯೊಳಗೆ ಬಳಸಲಿಲ್ಲ.

1677ರಲ್ಲಿ ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟೋನಿ ವಾನ್ ಲೇವೆನ್‌ಹುಕ್ ತಾನೇ ಮಸೆದ ಗಾಜಿನ ಕೆಳಗೆ ಪುರುಷನ ವೀರ್ಯವನ್ನಿಟ್ಟು ನೋಡಿದ. ಬಾಲವಿರುವ ಸಾವಿರಾರು ಜೀವಾಣುಗಳು ಈಜಾಡುತ್ತಿದ್ದವು. ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆಯುವಾಗ, ಇದನ್ನು ಪಾಪಮಾರ್ಗದಿಂದ ಪಡೆದದ್ದಲ್ಲ, ದಾಂಪತ್ಯದೊಳಗಿನದೇ ಎಂದು ಎಚ್ಚರದಿಂದ ತಿಳಿಸಿದ. ದೇವಭಯವಿದ್ದ ಮನುಷ್ಯ ದೇವರ ಸೃಷ್ಟಿಯನ್ನು ಕಣ್ಣಾರೆ ನೋಡಲು ಹೆದರಲಿಲ್ಲ. ಆದರೂ ಹಳೆಯ ಅಭಿಪ್ರಾಯ ಅಷ್ಟು ಬೇಗ ಅಳಿಯಲಿಲ್ಲ. ಆ ಅಣುವಿನೊಳಗೇ ಪುಟ್ಟ ಮನುಷ್ಯ ಮುದುಡಿ ಕೂತಿದ್ದಾನೆ, ತಾಯಿ ಅವನಿಗೆ ಜಾಗ ಮಾತ್ರ ಕೊಡುತ್ತಾಳೆ ಎಂದು ಕೆಲವು ಪಂಡಿತರು ವಾದಿಸಿದರು. ತಾಯಿಯ ಅಂಡಾಣುವನ್ನು ಕಾರ್ಲ್ ಅರ್ನ್ಸ್ಟ್ ವಾನ್ ಬೇರ್ ಕಂಡದ್ದು 1827ರಲ್ಲಿ. ತಂದೆಯ ಅಣುವಿನ ತಿರುಳೂ ತಾಯಿಯ ಅಂಡದ ತಿರುಳೂ ಕೂಡಿ ಒಂದಾಗುವುದನ್ನು 1876ರಲ್ಲಿ ಆಸ್ಕರ್ ಹರ್ಟ್‌ವಿಗ್ ಸಮುದ್ರದ ಒಂದು ಮುಳ್ಳುಜೀವಿಯಲ್ಲಿ ತೋರಿಸಿಕೊಟ್ಟ. ಇಬ್ಬರೂ ಒಂದೇ ಶರೀರವಾಗುವರು ಎಂಬ ಆದಿಕಾಂಡದ ಸತ್ಯ ಕಣ್ಣಿಗೆ ಕಾಣುವಂತಾಗಲು ಅಷ್ಟು ಕಾಲ ಹಿಡಿಯಿತು.

ಗಂಡಸಿನ ದೇಹದ ಬಗ್ಗೆ ಪ್ರಶ್ನೆ ಎತ್ತಬಾರದೆಂಬ ಹಟ ಎಷ್ಟು ದೂರ ಹೋಗಬಲ್ಲದೆಂದು ತಿಳಿಯಲು ಸಭೆಯ ಚರಿತ್ರೆಯನ್ನೇ ತೆರೆಯಬಹುದು. 1947ರಲ್ಲಿ ಕೂಡಿಬಂದ ದಕ್ಷಿಣ ಭಾರತ ಸಭೆಯ ನಾವು ಇಂಗ್ಲೆಂಡಿನ ಸಭೆಗೂ ವಾರಸುದಾರರು. ಆ ಸಭೆ ರೋಮಿನಿಂದ ಬೇರೆಯಾದ ಕಥೆಯಲ್ಲಿ ಸುಧಾರಣೆಯ ಬೆಳಕಿದೆ, ಜೊತೆಗೆ ಒಬ್ಬ ಅರಸನ ಮಲಗುವ ಮನೆಯ ಕತ್ತಲೆಯೂ ಇದೆ. ಎಂಟನೇ ಹೆನ್ರಿ 1509ರಲ್ಲಿ ತನ್ನ ತೀರಿಹೋದ ಅಣ್ಣನ ಹೆಂಡತಿ ಕ್ಯಾಥರಿನ್‌ಳನ್ನು ಮದುವೆಯಾದ. ಆಕೆ ಹಲವು ಸಲ ಬಸುರಾದಳು. ಉಳಿದು ಬೆಳೆದದ್ದು 1516ರಲ್ಲಿ ಹುಟ್ಟಿದ ಮೇರಿ ಒಬ್ಬಳೇ. ಆಗ ಅರಸ ಯಾಜಕಕಾಂಡದ 20ನೇ ಅಧ್ಯಾಯ ತೆರೆದ. ಅಣ್ಣತಮ್ಮಂದಿರ ಹೆಂಡತಿಯನ್ನು ಕೂಡಿದವರಿಗೆ ಸಂತಾನವಾಗದು ಎಂಬ ವಚನ ಹಿಡಿದು ಈ ಮದುವೆಯೇ ತಪ್ಪು ಎಂದ. ಮಕ್ಕಳಿಲ್ಲದೆ ಸತ್ತ ಅಣ್ಣನ ಹೆಂಡತಿಯನ್ನು ತಮ್ಮ ಮದುವೆಯಾಗಬೇಕೆಂದು ಅದೇ ಧರ್ಮಶಾಸ್ತ್ರದ ಇನ್ನೊಂದು ಕಡೆ ಹೇಳಿರುವುದು ಅವನಿಗೆ ಬೇಕಾಗಲಿಲ್ಲ. 1533ರಲ್ಲಿ ಆನ್ ಬೊಲಿನ್‌ಳನ್ನು ಮದುವೆಯಾದ. ಆ ವರ್ಷದ ಸೆಪ್ಟೆಂಬರ್ 7ರಂದು ಹೆಣ್ಣುಮಗು ಎಲಿಜಬೆತ್ ಹುಟ್ಟಿದಳು. 1536ರ ಜನವರಿಯಲ್ಲಿ ಆನ್‌ಳಿಗೆ ಗರ್ಭಪಾತವಾಯಿತು. ಮೇ 19ರಂದು ಆಕೆಯ ತಲೆ ಕಡಿದರು.

ಆಕೆಯ ವಿಚಾರಣೆಯ ಬೆನ್ನಿಗೇ ಆಕೆಯ ಸಹೋದರ ಜಾರ್ಜ್‌ನ ವಿಚಾರಣೆ ನಡೆದಾಗಿನ ಒಂದು ಸಂಗತಿಯನ್ನು ಆಗ ಇಂಗ್ಲೆಂಡಿನಲ್ಲಿದ್ದ ಪರದೇಶದ ರಾಯಭಾರಿ ಚಾಪ್ವಿ ಬರೆದಿಟ್ಟಿದ್ದಾನೆ. ಅರಸನಿಗೆ ಪುರುಷಶಕ್ತಿ ಸಾಲದೆಂದು ರಾಣಿ ಆಡಿಕೊಂಡಿದ್ದಳೆಂಬ ಆರೋಪವನ್ನು ಬಾಯಿಂದ ಹೇಳದೆ ಚೀಟಿಯಲ್ಲಿ ಬರೆದು ಜಾರ್ಜ್‌ನ ಕೈಗೆ ಕೊಟ್ಟರು, ಗಟ್ಟಿಯಾಗಿ ಓದಬೇಡ ಎಂದರು. ಅವನು ತುಂಬಿದ ಸಭೆಯಲ್ಲಿ ಓದಿಬಿಟ್ಟ. ಎರಡು ದಿನದಲ್ಲಿ ಅವನ ತಲೆಯೂ ಉರುಳಿತು. ಒಂದು ರಾಜ್ಯದ ನ್ಯಾಯಸ್ಥಾನದಲ್ಲೇ ಪಿಸುಗುಟ್ಟಬೇಕಾದ ಮಾತು ಅದಾಗಿತ್ತು.

ಇನ್ನೊಂದು ಮಾತನ್ನು ಅತ್ತೆಯಂದಿರೂ ಗಂಡಂದಿರೂ ಕೇಳಿಸಿಕೊಳ್ಳಬೇಕು. ಗಂಡುಮಗು ಹೆರಲಿಲ್ಲವೆಂದು ಹೆನ್ರಿ ಹೆಂಗಸರನ್ನು ಹೊರಗೆ ಹಾಕಿದ. ಹುಟ್ಟುವ ಕೂಸು ಗಂಡೋ ಹೆಣ್ಣೋ ಎಂಬುದು ತಂದೆಯ ವೀರ್ಯಾಣುವಿನಲ್ಲಿರುವ ವರ್ಣತಂತುವಿನಿಂದ ನಿರ್ಧಾರವಾಗುತ್ತದೆ ಎಂಬ ತಿಳಿವಿಗೆ 1905ರಲ್ಲಿ ಅಮೆರಿಕದ ನೆಟ್ಟಿ ಸ್ಟೀವನ್ಸ್ ಎಂಬ ವಿಜ್ಞಾನಿ ಹಿಟ್ಟಿನಲ್ಲಿ ಬೆಳೆಯುವ ಒಂದು ಹುಳುವನ್ನು ಪರೀಕ್ಷಿಸಿ ದಾರಿ ತೆರೆದಳು. ನಮ್ಮ ಮನೆಗಳಲ್ಲಿ ಎರಡನೇ ಹೆಣ್ಣುಮಗು ಹುಟ್ಟಿದ ದಿನ ಬಾಣಂತಿಯ ಮುಖ ನೋಡದೆ ಹೊರಗೆ ಹೋಗುವವರಿದ್ದಾರೆ. ಅವರು ಇದನ್ನು ನೆನಪಿಟ್ಟುಕೊಳ್ಳಲಿ.

ವೈದ್ಯರಿಗೆ ಇಂದು ತಿಳಿದಿರುವುದನ್ನು ಸರಳವಾಗಿ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದಂತೆ ಜಗತ್ತಿನ ವಯಸ್ಕರಲ್ಲಿ ಸುಮಾರು 6 ಜನರಿಗೆ ಒಬ್ಬರು ಬದುಕಿನ ಒಂದಲ್ಲ ಒಂದು ಕಾಲದಲ್ಲಿ ಮಕ್ಕಳಾಗದ ತೊಂದರೆಯನ್ನು ಅನುಭವಿಸುತ್ತಾರೆ. ಇಂಥ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡನ ಕಡೆಯ ಕಾರಣವೂ ಇರುತ್ತದೆ, ಅದೊಂದೇ ಆಗಿ ಇಲ್ಲವೇ ಹೆಂಡತಿಯ ಕಾರಣದ ಜೊತೆಗೂಡಿ. ಗಂಡಸಿನ ದೇಹದಲ್ಲಿ ಒಂದು ವೀರ್ಯಾಣು ಹುಟ್ಟಿ ಬಲಿಯಲು ಸುಮಾರು ಎರಡೂವರೆ ತಿಂಗಳು ಬೇಕು. ಅದಕ್ಕೆ ಮೈಯ ಬಿಸಿಗಿಂತ ಎರಡು ಮೂರು ಡಿಗ್ರಿ ತಂಪು ಬೇಕು. ವೃಷಣಗಳನ್ನು ದೇವರು ಹೊರಗಿಟ್ಟದ್ದು ಸುಮ್ಮನೆ ಅಲ್ಲ. ಕುಲುಮೆ, ಬಾಯ್ಲರು, ಬೇಕರಿಯ ಒಲೆಯ ಮುಂದೆ ದಿನವಿಡೀ ನಿಲ್ಲುವ ಸಹೋದರರು ಇದನ್ನು ತಿಳಿದಿರಬೇಕು. ವೃಷಣದ ರಕ್ತನಾಳಗಳು ಉಬ್ಬಿಕೊಳ್ಳುವ ವೆರಿಕೋಸೀಲ್ ಎಂಬ ತೊಂದರೆ ಸುಮಾರು ನೂರಕ್ಕೆ 15 ಗಂಡಸರಲ್ಲಿ ಇರುತ್ತದೆ, ಬೇಕಾದಲ್ಲಿ ಶಸ್ತ್ರಚಿಕಿತ್ಸೆಯೂ ಇದೆ. ವಯಸ್ಸಿಗೆ ಬಂದ ಮೇಲೆ ಮಂಗನಬಾವು ಬಂದರೆ ಅದು ವೃಷಣಕ್ಕೂ ಇಳಿಯಬಹುದು. ಬೀಡಿ, ಸಿಗರೇಟು, ಗುಟ್ಕಾ, ಅತಿಯಾದ ಕುಡಿತ ಕೆಡಿಸುತ್ತವೆ. ಜಿಮ್‌ಗಳಲ್ಲಿ ಮೈ ಬೆಳೆಸಲು ಚುಚ್ಚಿಸಿಕೊಳ್ಳುವ ಸ್ಟೀರಾಯ್ಡು, ನೋಡುವವರಿಗೆ ಗಂಡಸುತನ ಹೆಚ್ಚಿಸಿದಂತೆ ಕಂಡರೂ ವೀರ್ಯಾಣುಗಳ ಹುಟ್ಟನ್ನೇ ನಿಲ್ಲಿಸಬಲ್ಲದು. ಯುವಕರು ಕೇಳಿಸಿಕೊಳ್ಳಿ.

ಗಂಡಸರು ಬಾಯಿಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಒಂದು ನಿಜಸಂಗತಿ ಇದೆ. 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಲ್ಯಾಥ್ರೋಪ್ ಎಂಬಲ್ಲಿ, ಬೇರು ತಿನ್ನುವ ಹುಳುಗಳನ್ನು ಕೊಲ್ಲುವ ಔಷಧಿ ತಯಾರಿಸುವ ಕಾರ್ಖಾನೆಯ ಕೂಲಿಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡರು: ನಿನಗೂ ಮಕ್ಕಳಾಗಿಲ್ಲವೇ, ನನಗೂ ಆಗಿಲ್ಲ. ಮಾತಿನಿಂದ ಅನುಮಾನ ಹುಟ್ಟಿತು, ಅನುಮಾನದಿಂದ ಪರೀಕ್ಷೆಗೆ ಹೋದರು. ಹಲವರ ವೀರ್ಯದಲ್ಲಿ ಅಣುಗಳೇ ಇರಲಿಲ್ಲ, ಇದ್ದವರಲ್ಲೂ ತೀರಾ ಕಡಿಮೆ. ಆ ವಿಷದ ಹೆಸರು ಡಿಬಿಸಿಪಿ. 1979ರಲ್ಲಿ ಅಮೆರಿಕದ ಸರ್ಕಾರ ಅದರ ಬಹುತೇಕ ಬಳಕೆಯನ್ನು ನಿಲ್ಲಿಸಿತು. ಮಧ್ಯ ಅಮೆರಿಕದ ಬಾಳೆತೋಟಗಳ ಕೂಲಿಗಳಿಗೆ ಆ ಸುದ್ದಿ ತಲುಪುವುದು ತಡವಾಯಿತು, ಸಾವಿರಾರು ಮಂದಿ ಆಮೇಲೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಲ್ಯಾಥ್ರೋಪಿನ ಆ ಗಂಡಸರು ಮರ್ಯಾದೆಗೆ ಅಂಜಿ ಸುಮ್ಮನಿದ್ದಿದ್ದರೆ ದೋಷ ಇನ್ನಷ್ಟು ಕಾಲ ಅವರ ಹೆಂಡಂದಿರ ತಲೆಯ ಮೇಲೇ ಇರುತ್ತಿತ್ತು.

ನಮ್ಮಲ್ಲಿ ಪರೀಕ್ಷೆಗೆ ಹೋಗದಿರಲು ಗಂಡಸರು ಕೊಡುವ ಕಾರಣಗಳಲ್ಲಿ ಒಂದು ಸತ್ಯವೇದದ್ದು. ವೀರ್ಯವನ್ನು ಹೊರಗೆ ಚೆಲ್ಲುವುದು ಓನಾನನ ಪಾಪ ಅಲ್ಲವೇ ಎಂದು ಕೇಳುತ್ತಾರೆ. ಆದಿಕಾಂಡದ 38ನೇ ಅಧ್ಯಾಯವನ್ನು ಪೂರ್ತಿ ಓದಿ. ಸತ್ತ ಅಣ್ಣನ ಹೆಂಡತಿ ತಾಮಾರಳಿಗೆ ಮಗುವಾಗಬಾರದು, ಅಣ್ಣನ ಮನೆತನ ಉಳಿಯಬಾರದು ಎಂಬುದು ಓನಾನನ ಉದ್ದೇಶವಾಗಿತ್ತು. ಹೆಂಡತಿಗೆ ಮಗುವಾಗಲೆಂದು, ಅವಳ ಮೇಲಿನ ಅಪವಾದ ಇಳಿಯಲೆಂದು ಪ್ರಯೋಗಾಲಯಕ್ಕೆ ಹೋಗುವ ಗಂಡ ಓನಾನನಿಗೆ ನೇರ ಎದುರು ದಿಕ್ಕಿನಲ್ಲಿ ನಡೆಯುತ್ತಿದ್ದಾನೆ. ಅವನಲ್ಲಿ ಪಾಪವಿಲ್ಲ. ಹೆಂಡತಿ ಅನುಭವಿಸುವ ಸೂಜಿ, ಸ್ಕ್ಯಾನಿಂಗು, ಅರಿವಳಿಕೆಗಳ ಮುಂದೆ ಅವನ ಪರೀಕ್ಷೆಯಲ್ಲಿ ನೋವೂ ಇಲ್ಲ; ಬೇಕಾದದ್ದು ಕೆಲವು ದಿನಗಳ ಸಂಯಮ ಮತ್ತು ಅರ್ಧ ಗಂಟೆಯ ಸಂಕೋಚ.

ಈ ಸಂಕೋಚಕ್ಕೆ ಪೌಲನ ಉತ್ತರ ರೋಮಾಪುರದವರಿಗೆ ಬರೆದ ಪತ್ರದಲ್ಲಿದೆ, ನನ್ನ ಇಂದಿನ ಮಾತಿನ ತಿರುಳೂ ಅಲ್ಲೇ ಇದೆ. ಅಬ್ರಹಾಮನಿಗೆ ನೂರರ ಹತ್ತಿರ. ಅವನು ತನ್ನ ದೇಹವನ್ನು ನೋಡಿಕೊಂಡ, ಅದು ಸತ್ತದ್ದಕ್ಕೆ ಸಮಾನವೆಂದು ತಿಳಿದುಕೊಂಡ, ಆಮೇಲೆ ಸಾರಳ ಗರ್ಭವನ್ನು ನೆನೆದ. ಎರಡನ್ನೂ ಎಣಿಸಿದ ಮೇಲೂ ಅವನ ನಂಬಿಕೆ ಕುಂದಲಿಲ್ಲ. ಪೌಲನು ಮೊದಲು ಗಂಡಸಿನ ದೇಹವನ್ನೇ ಹೇಳುತ್ತಾನೆ. ಜಕರೀಯನೂ ದೂತನ ಮುಂದೆ ತನ್ನ ಮುಪ್ಪನ್ನು ಮೊದಲು ಹೇಳಿ ಆಮೇಲೆ ಹೆಂಡತಿಯ ವಯಸ್ಸನ್ನು ಹೇಳಿದ. ನಂಬಿಕೆ ಇರುವವನು ವರದಿ ನೋಡಲು ಹೆದರಬೇಕಾಗಿಲ್ಲ. ದೇವರು ಮಾಡುತ್ತಾನೆ, ಟೆಸ್ಟು ಯಾಕೆ ಎನ್ನುವ ಸಹೋದರನಿಗೆ ನಾನು ಹೇಳುವುದಿಷ್ಟು: ವಿಶ್ವಾಸಿಗಳ ತಂದೆಯಾದ ಅಬ್ರಹಾಮ ತನ್ನ ದೇಹದ ಸತ್ಯಕ್ಕೆ ಕಣ್ಣು ಮುಚ್ಚಲಿಲ್ಲ. ಕಣ್ಣು ಮುಚ್ಚುವುದಕ್ಕೆ ನಂಬಿಕೆ ಎಂಬ ಹೆಸರು ಕೊಟ್ಟು ಅದರ ಬೆಲೆಯನ್ನು ಹೆಂಡತಿಯಿಂದ ವಸೂಲು ಮಾಡುವುದು ಅನ್ಯಾಯ.

ಮಗುವಾಗುವ ಸುದ್ದಿ ತಿಳಿದಾಗ ಎಲಿಸಬೇತಳು ಹೇಳಿದ್ದು, ಜನರ ನಡುವೆ ನನಗಿದ್ದ ಅವಮಾನವನ್ನು ಕರ್ತನು ತೆಗೆದನು ಎಂದು. ರಾಹೇಲಳೂ ಯೋಸೇಫ ಹುಟ್ಟಿದಾಗ ಹೆಚ್ಚುಕಡಿಮೆ ಅದನ್ನೇ ಹೇಳಿದ್ದಳು. ಮುಪ್ಪು ಇಬ್ಬರದೂ, ಮನೆ ಇಬ್ಬರದೂ; ಅವಮಾನ ಮಾತ್ರ ಆಕೆಯ ಪಾಲಿಗೆ. ಜಕರೀಯನನ್ನು ದೇವರು ಒಂಬತ್ತು ತಿಂಗಳು ಮಾತಿಲ್ಲದವನನ್ನಾಗಿ ಮಾಡಿದ್ದು ಅವನ ಅಪನಂಬಿಕೆಗಾಗಿ. ನಮ್ಮ ಮನೆಗಳ ಗಂಡಸರು ಆ ಮೌನವನ್ನು ತಾವಾಗಿಯೇ ಆರಿಸಿಕೊಂಡಿದ್ದಾರೆ, ವರ್ಷಗಟ್ಟಲೆ. ವರದಿಯಲ್ಲಿ ತನ್ನ ಕೊರತೆ ಗೊತ್ತಾದ ಮೇಲೂ ತಾಯಿಯ ಮುಂದೆ ಹೇಳದೆ, ಹೆಂಡತಿ ಚುಚ್ಚುಮಾತು ಕೇಳುತ್ತಿದ್ದರೆ ಪಕ್ಕದ ಕೋಣೆಯಲ್ಲಿ ಟಿವಿ ನೋಡುತ್ತಾ ಕೂರುವ ಗಂಡನಿಗೆ ನಾನು ಮೃದುವಾಗಿ ಹೇಳಲಾರೆ. ಅಣ್ಣಾ, ಎದ್ದು ಹೊರಗೆ ಬಾ. ಅಮ್ಮಾ, ಕೊರತೆ ನನ್ನಲ್ಲಿದೆ, ಅವಳನ್ನು ಇನ್ನು ಏನೂ ಅನ್ನಬೇಡ ಎಂದು ಹೇಳು. ಬಲಿಪೀಠದ ಮುಂದೆ ಮಾಡಿದ ವಾಗ್ದಾನದಲ್ಲಿ ಇದೂ ಸೇರಿತ್ತು.

ಹಾಗೆ ಹೇಳಿದರೆ ತನ್ನ ಗಂಡಸುತನ ಹೋಯಿತೆಂದು ಅವನು ತಿಳಿಯುತ್ತಾನೆ. ಎರಡನ್ನೂ ಬೆಸೆದವರು ನಾವೇ. ವೀರ್ಯಾಣು ಇಲ್ಲದ ಗಂಡಸಿನ ದಾಂಪತ್ಯಜೀವನದಲ್ಲಿ, ದನಿಯಲ್ಲಿ, ಮೈಕಟ್ಟಿನಲ್ಲಿ ಏನೂ ವ್ಯತ್ಯಾಸ ಇಲ್ಲದಿರಬಹುದು; ಎಷ್ಟೋ ಜನರಿಗೆ ಪರೀಕ್ಷೆಯಿಂದಷ್ಟೇ ಗೊತ್ತಾಗುತ್ತದೆ. ಅಂಥವರಿಗೂ ಈಗ ದಾರಿಗಳಿವೆ. ಒಂದೇ ಒಂದು ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗೆ ಇಡುವ ಇಕ್ಸಿ ವಿಧಾನದಿಂದ ಬೆಲ್ಜಿಯಮ್ಮಿನ ಬ್ರಸೆಲ್ಸ್‌ನಲ್ಲಿ ಮೊದಲ ಮಕ್ಕಳು ಹುಟ್ಟಿದ್ದು 1992ರಲ್ಲಿ. ಎಲ್ಲರಿಗೂ ಅದು ಫಲಿಸುವುದಿಲ್ಲ, ಎಲ್ಲರ ಕೈಗೆ ಎಟುಕುವ ಖರ್ಚೂ ಅಲ್ಲ. ಸಾಲ ಮಾಡಿ, ಹೊಲ ಮಾರಿ ಆಸ್ಪತ್ರೆ ಸುತ್ತಿ ಬರಿಗೈಯಲ್ಲಿ ಬಂದವರೂ ಇಲ್ಲಿ ಕುಳಿತಿದ್ದೀರಿ. ನಿಮಗೆ ದೇವರ ವಾಕ್ಯದಲ್ಲಿ ಏನಿದೆ?

ಇದೆ. ಯೆಶಾಯನ 56ನೇ ಅಧ್ಯಾಯಕ್ಕೆ ಬನ್ನಿ. ಸಂತಾನ ಪಡೆಯಲಾರದ ಗಂಡಸು, ನಾನೊಂದು ಒಣಮರ ಎಂದು ಹೇಳಿಕೊಳ್ಳಬೇಕಾಗಿಲ್ಲ ಎನ್ನುತ್ತಾನೆ ಪ್ರವಾದಿ. ಧರ್ಮೋಪದೇಶಕಾಂಡದ 23ನೇ ಅಧ್ಯಾಯ ಅಂಥವನನ್ನು ಸಭೆಯಿಂದ ಹೊರಗಿಟ್ಟಿತ್ತು. ಆ ಬಾಗಿಲನ್ನು ದೇವರೇ ಯೆಶಾಯನ ಬಾಯಿಂದ ತೆರೆಸಿದ. ನನ್ನ ಆಲಯದಲ್ಲಿ, ನನ್ನ ಗೋಡೆಗಳೊಳಗೆ, ಗಂಡುಹೆಣ್ಣು ಮಕ್ಕಳಿಗಿಂತ ಮೇಲಾದ ಹೆಸರನ್ನು ಅವನಿಗೆ ಕೊಡುತ್ತೇನೆ, ಅದು ಅಳಿಯದು ಎಂಬ ವಾಗ್ದಾನ ಅಲ್ಲಿದೆ. ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯದಲ್ಲಿ ಆ ಬಾಗಿಲಿನೊಳಗೆ ಒಬ್ಬ ಕಾಲಿಟ್ಟ. ಗಾಜಾ ದಾರಿಯಲ್ಲಿ ರಥದಲ್ಲಿ ಕುಳಿತು ಯೆಶಾಯನನ್ನೇ ಓದುತ್ತಿದ್ದ ಐಥಿಯೋಪ್ಯದ ಕಂಚುಕಿ, ರಾಣಿ ಕಂದಾಕೆಯ ಬೊಕ್ಕಸದ ಅಧಿಕಾರಿ. ಅವನು ಓದುತ್ತಿದ್ದದ್ದು 53ನೇ ಅಧ್ಯಾಯ. ಮೂರು ಅಧ್ಯಾಯ ದಾಟಿದ್ದರೆ ತನ್ನಂಥವರಿಗೆಂದೇ ಹೇಳಿದ ಮಾತು ಸಿಗುತ್ತಿತ್ತು. ದಾರಿಬದಿಯ ನೀರನ್ನು ಕಂಡು, ನನಗೆ ದೀಕ್ಷಾಸ್ನಾನ ಆಗಲು ಅಡ್ಡಿಯೇನು ಎಂದು ಕೇಳಿದ. ಫಿಲಿಪ್ಪನು ಅವನ ವಂಶವನ್ನಾಗಲಿ ಸಂತಾನವನ್ನಾಗಲಿ ಕೇಳಲಿಲ್ಲ, ಅವನ ಜೊತೆ ನೀರಿಗಿಳಿದ.

ಫಿಲಿಪ್ಪನು ಕೇಳದಿದ್ದುದನ್ನು ನಾವು ಕೇಳುತ್ತಲೇ ಇದ್ದೇವೆ. ಮದುವೆಯಾದ ಆರು ತಿಂಗಳಿಗೆ ವಿಶೇಷ ಏನಾದರೂ ಇದೆಯೇ ಎಂದು ದೇವಾಲಯದ ಬಾಗಿಲಲ್ಲೇ ವಿಚಾರಿಸುತ್ತೇವೆ. ಸೀಮಂತಕ್ಕೆ ಕರೆಯುವಾಗ ಯಾರನ್ನು ಬಿಡಬೇಕೆಂದು ಲೆಕ್ಕ ಹಾಕುತ್ತೇವೆ, ಕ್ರೈಸ್ತರಾದ ನಾವೂ. ಕಮಿಟಿಗೆ ಹಿರಿಯರನ್ನು ಆರಿಸುವಾಗ ಮಕ್ಕಳಿಲ್ಲದವರಿಗೆ ಸಂಸಾರದ ಜವಾಬ್ದಾರಿ ಏನು ಗೊತ್ತು ಎಂಬ ಮಾತು ಬಂದದ್ದನ್ನು ನಾನೇ ಕೇಳಿದ್ದೇನೆ. ಇನ್ನು ಮುಂದೆ ಆ ಮಾತು ಈ ಸಭೆಯಲ್ಲಿ ಬರಬಾರದು. ಮಗುವಾಗಲಿಲ್ಲವೆಂದು ಹೆಂಡತಿಯನ್ನು ತವರಿಗೆ ಕಳಿಸಿ ಮಗನಿಗೆ ಇನ್ನೊಂದು ಹೆಣ್ಣು ನೋಡಲು ಹೊರಡುವ ಮನೆಯವರಿಗೆ ನಮ್ಮ ಹಿರಿಯರು ಯಾರೂ ನೆರವಾಗಬಾರದು. ಮಗನ ಪರೀಕ್ಷೆಯನ್ನೇ ಮಾಡಿಸದೆ ಇನ್ನೊಂದು ಹೆಣ್ಣಿನ ಬಾಳನ್ನೂ ಅದೇ ಫೈಲಿಗೆ ಸೇರಿಸುವ ಕೆಲಸ ಅದು.

ದತ್ತು ತೆಗೆದುಕೊಳ್ಳುವ ಬಗ್ಗೆಯೂ ಎರಡು ಮಾತು. ನಮ್ಮ ಅಜ್ಜಂದಿರ ಕಾಲದಲ್ಲಿ ಕ್ರೈಸ್ತ ದಂಪತಿಗಳಿಗೆ 1890ರ ಕಾಯ್ದೆಯ ಕೆಳಗೆ ಮಗುವಿನ ಪಾಲಕರಾಗಲು ದಾರಿಯಿತ್ತು, ಪೂರ್ಣ ಅರ್ಥದ ತಂದೆತಾಯಿಗಳಾಗಲು ಇರಲಿಲ್ಲ. 1956ರ ದತ್ತಕ ಕಾಯ್ದೆ ಕ್ರೈಸ್ತರಿಗೆ ಅನ್ವಯಿಸಲಿಲ್ಲ. ಬಾಲನ್ಯಾಯ ಕಾಯ್ದೆ ಬಂದ ಮೇಲೆ, ಅದರಲ್ಲೂ 2015ರ ಕಾಯ್ದೆಯ ಪ್ರಕಾರ, ಯಾವ ಧರ್ಮದವರೂ ಕ್ರಮಬದ್ಧವಾಗಿ ದತ್ತು ಪಡೆಯಬಹುದು. ದತ್ತುಮಗುವಿಗೆ ಹೆತ್ತ ಮಗುವಿನ ಹಕ್ಕುಗಳೆಲ್ಲ ಸಿಗುತ್ತವೆ. ಯೋಸೇಫನು ತಾನು ಹುಟ್ಟಿಸದ ಮಗುವಿಗೆ ದೂತನ ಮಾತಿನಂತೆ ಯೇಸು ಎಂದು ಹೆಸರಿಟ್ಟ. ಮತ್ತಾಯನು ಬರೆದ ವಂಶಾವಳಿ ದಾವೀದನಿಂದ ಯೇಸುವಿನವರೆಗೆ ಬರುವುದು ಅವನ ಮೂಲಕವೇ. ನಮ್ಮ ರಕ್ಷಕನನ್ನು ತೊಡೆಯ ಮೇಲೆ ಕೂರಿಸಿಕೊಂಡು ಮರಗೆಲಸ ಕಲಿಸಿದವನನ್ನು ಯಾರಾದರೂ ಅರೆ ತಂದೆ ಎನ್ನುವುದುಂಟೇ? ಆದರೆ ದತ್ತು ಎಂಬುದು ಗಂಡನ ವರದಿಯನ್ನು ಮುಚ್ಚಿಡುವ ಉಪಾಯವಾಗಬಾರದು. ಇಬ್ಬರೂ ಸತ್ಯವನ್ನು ಎದುರಿಸಿದ ಮೇಲೆ, ಇಬ್ಬರೂ ಮನಸ್ಸಾರೆ ಬಯಸಿದರೆ ಮಾತ್ರ ಆ ಮಗು ತನ್ನ ಮನೆಗೆ ಬಂದಂತೆ.

ಇಂದಿನಿಂದ ಒಂದು ಪದ್ಧತಿಯನ್ನು ಬದಲಿಸುತ್ತಿದ್ದೇವೆ. ಸಂತಾನಕ್ಕಾಗಿ ಪ್ರಾರ್ಥನೆ ಬೇಕಾದವರು ಗಂಡಹೆಂಡತಿ ಇಬ್ಬರೂ ಕೂಡಿ ಬನ್ನಿ. ಹೆಂಡತಿಯೊಬ್ಬಳೇ ಬಂದರೆ ನಾವು ಅವಳಿಗಾಗಿ ಖಂಡಿತ ಪ್ರಾರ್ಥಿಸುತ್ತೇವೆ, ಆಮೇಲೆ ಗಂಡನನ್ನು ನೋಡಲು ನಾನೇ ಮನೆಗೆ ಬರುತ್ತೇನೆ. ಗಂಡಸರ ಜೊತೆ ಗಂಡಸಾಗಿ ಕುಳಿತು ಮಾತಾಡಲು ನಮ್ಮ ಸಭೆಯ ಇಬ್ಬರು ಹಿರಿಯರು ಒಪ್ಪಿದ್ದಾರೆ. ಅವರಲ್ಲೊಬ್ಬರು ಈ ದಾರಿಯನ್ನು ನಡೆದು ಬಂದವರು, ತಾವೇ ಮುಂದೆ ಬಂದು ಹೇಳಿದವರು. ಆಡಿದ ಮಾತು ಅವರಿಂದ ಹೊರಗೆ ಹೋಗುವುದಿಲ್ಲ.

ಈಗ ಪ್ರಾರ್ಥನೆಗಾಗಿ ಎದ್ದು ನಿಲ್ಲೋಣ. ಮಕ್ಕಳಿಗಾಗಿ ಕಾಯುತ್ತಿರುವ ಹೆಣ್ಣುಮಕ್ಕಳ ಹೆಸರನ್ನು ಪ್ರತಿ ವಾರ ಓದುತ್ತಿದ್ದೆವು. ಇಂದು ಅವರ ಗಂಡಂದಿರ ಹೆಸರನ್ನೂ ಅವರ ಒಪ್ಪಿಗೆ ಪಡೆದು ಸೇರಿಸಿದ್ದೇವೆ. ಹೆಸರು ಓದಿದಾಗ ಇಬ್ಬರೂ ಮುಂದೆ ಬಂದು ಜೊತೆಯಾಗಿ ಮೊಣಕಾಲೂರಬಹುದು.